ಒಂದೇ ಸೆಕ್ಷನ್ ಸಾಕಿತ್ತು

ಬೆಳಗಾವಿಯ ಒಂದು ಪೆಥಾಲಜಿ ಲ್ಯಾಬಿನಲ್ಲಿ ಮೈಕ್ರೋಟೋಮ್ ಮುಂದೆ, ಅಂದರೆ ಅಂಗಾಂಶವನ್ನು ತೆಳ್ಳನೆ ಪದರಗಳಾಗಿ (ಸೆಕ್ಷನ್) ಕೊಯ್ಯುವ ಯಂತ್ರದ ಮುಂದೆ, ಕೂತು ನನಗೆ 16 ವರ್ಷ ಆಯ್ತು. ಆದರೂ ಕಳೆದ ಮಳೆಗಾಲದ ಆ ಬ್ಲಾಕ್, ಮೇಣದಲ್ಲಿ ಹುದುಗಿಸಿದ ಆ ತುಂಡು, ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಬಾಯಿ ಕ್ಯಾನ್ಸರ್ ಬಯಾಪ್ಸಿ, ಸವದತ್ತಿ ಕಡೆಯ ರೈತರೊಬ್ಬರದು. ರಿಪೋರ್ಟ್ ಆಗಿತ್ತು. ಉಳಿದದ್ದನ್ನು ಸಂಶೋಧನೆಗೆ ಬಳಸಿ ಅಂತ ಅವರೇ ಸಹಿ ಹಾಕಿದ್ದರು. ಸಂಶೋಧನೆಗೆ ಬೇಕು ಅಂತ ಬಂದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಇಮೇಜಿಂಗ್ ಮಾಸ್ ಸೈಟೊಮೆಟ್ರಿ, 35 ಮಾರ್ಕರ್ (ಹುಡುಕಬೇಕಾದ ಪ್ರೋಟೀನ್), 4 ಮೈಕ್ರಾನ್ ದಪ್ಪ, ಚಾರ್ಜ್ಡ್ ಸ್ಲೈಡ್ (ಸೆಕ್ಷನ್ ಗಟ್ಟಿಯಾಗಿ ಅಂಟಿಕೊಳ್ಳುವ ಗಾಜು).

ನಾನು ಐಎಚ್‌ಸಿ ಲೆಕ್ಕ ಹಾಕಿದೆ, ಅಂದರೆ ಆಂಟಿಬಾಡಿ ಹಾಕಿ ಬಣ್ಣ ಬರಿಸುವ ನಮ್ಮ ಮಾಮೂಲಿ ಪರೀಕ್ಷೆಯದು. ಮಾರ್ಕರ್‌ಗೆ ಒಂದು ಸ್ಲೈಡ್, ಕಂಟ್ರೋಲ್‌ಗೆ ಐದು ಜಾಸ್ತಿ. ಚಾರ್ಜ್ಡ್ ಸ್ಲೈಡ್ ಆರೇ ಉಳಿದಿದ್ದವು. ಇಂಡೆಂಟ್ ಕೊಟ್ಟು ತಿಂಗಳಾದರೂ ಮೇಲಿನವರ ಸಹಿ ಬಿದ್ದಿರಲಿಲ್ಲ, ಕೇಳಿದರೆ "ಇದ್ದದ್ದರಾಗ ಮಾಡ್ರಿ" ಅನ್ನೋದು. ಮೊದಲ ಆರು ಅದರ ಮೇಲೆ ಹಿಡಿದೆ, ಉಳಿದವು ಅಲ್ಬುಮಿನ್ ಹಚ್ಚಿದ ಸಾದಾ ಸ್ಲೈಡ್ ಮೇಲೆ.

ಇಪ್ಪತ್ತೈದು ದಾಟಿದ ಮೇಲೆ ವಾಟರ್ ಬಾತ್‌ನಲ್ಲಿ ತೇಲುವ ತುಂಡು ಸಣ್ಣದಾಗ್ತಾ ಬಂತು. ಜೋಳದ ಕಾಳಿನಷ್ಟು, ಆಮೇಲೆ ಸಾಸಿವೆಯಷ್ಟು. ಆಗಲೇ ಚಕ್ರ ನಿಲ್ಲಿಸಿ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಲೆಕ್ಕ ಮುಟ್ಟಬೇಕು ಅನ್ನೋದೊಂದೇ ತಲೆಯಲ್ಲಿ, ಕೈ ತಿರುಗಿಸ್ತಾನೇ ಇತ್ತು. 38ನೆಯದಕ್ಕೆ ಬರೀ ಮೇಣ ಬಂತು.

"ಒಂದೇ ಸಾಕಿತ್ತಲ್ರೀ!" ಅಂದರು ಡಾಕ್ಟರ್ ಮೇಡಂ. ಇಮೇಜಿಂಗ್ ಮಾಸ್ ಸೈಟೊಮೆಟ್ರಿಯಲ್ಲಿ ಮಾರ್ಕರ್ ಹಿಡಿಯುವ ಎಲ್ಲ ಆಂಟಿಬಾಡಿಗಳನ್ನೂ ಒಂದೇ ಸೆಕ್ಷನ್ ಮೇಲೆ ಒಟ್ಟಿಗೆ ಹಾಕ್ತಾರೆ. ಒಂದೊಂದಕ್ಕೂ ಬೇರೆ ಬೇರೆ ತೂಕದ ಲೋಹ ಅಂಟಿಸಿರ್ತಾರೆ, ಹೆಚ್ಚಿನವು ಲ್ಯಾಂಥನೈಡ್. ಲೇಸರ್ ಒಂದೊಂದು ಮೈಕ್ರಾನ್ ಚುಕ್ಕೆಯನ್ನೇ ಸುಟ್ಟು ಹಾರಿಸುತ್ತದೆ, ಅದರಲ್ಲಿ ಯಾವ ಲೋಹ ಎಷ್ಟಿದೆ ಅಂತ ಮಾಸ್ ಸ್ಪೆಕ್ಟ್ರೋಮೀಟರ್ ಎಣಿಸುತ್ತದೆ. 2014ರಲ್ಲೇ ಸ್ತನ ಕ್ಯಾನ್ಸರ್ ತುಂಡುಗಳಲ್ಲಿ ಹೀಗೆ 32 ಮಾರ್ಕರ್ ಒಟ್ಟಿಗೆ ನೋಡಿದ್ದರು. ಬಣ್ಣ ಬರಿಸುವ ನಮ್ಮ ಕೆಲಸಕ್ಕೂ ಇದಕ್ಕೂ ಲೆಕ್ಕವೇ ಬೇರೆ.

ಮೊದಲಿನದೊಂದಕ್ಕೆ, ನಡುವಿನದೊಂದಕ್ಕೆ ಎಚ್ ಅಂಡ್ ಇ (ಜೀವಕೋಶ ಕಾಣಿಸುವ ಮಾಮೂಲಿ ಬಣ್ಣ) ಮಾಡಿ ನೋಡಿದರೆ ಚಾರ್ಜ್ಡ್ ಸ್ಲೈಡ್‌ಗಳಲ್ಲಿ ಗೆಡ್ಡೆಯೇ ಇಲ್ಲ. ಇದ್ದದ್ದು ನಡುವಿನವುಗಳಲ್ಲಿ, ಸಾದಾ ಸ್ಲೈಡ್ ಮೇಲೆ. ಒಂದನ್ನು ರಿಟ್ರೀವಲ್‌ಗೆ, ಅಂದರೆ ಆಂಟಿಬಾಡಿ ಹಿಡಿಯಲಿ ಅಂತ ಬಿಸಿ ದ್ರಾವಣಕ್ಕೆ, ಇಟ್ಟೆವು, ಪಿಎಚ್ 9, 95 ಡಿಗ್ರಿ. ಅರ್ಧ ಗಂಟೆ ನಾನು ಕೂತಲ್ಲಿಂದ ಏಳಲಿಲ್ಲ. ಜಾರ್ ತೆರೆದಾಗ ಸೆಕ್ಷನ್ ಈರುಳ್ಳಿ ಸಿಪ್ಪೆಯ ಹಾಗೆ ಕಿತ್ತು ನೀರಲ್ಲಿ ತೇಲ್ತಿತ್ತು.

ಈಗ ಚೀಟಿಯಲ್ಲಿ ಹೊಸ ಹೆಸರು ಕಂಡರೆ ಬ್ಲಾಕ್ ಮುಟ್ಟೋ ಮೊದಲೇ ಫೋನ್ ಮಾಡ್ತೇನೆ. ಸಣ್ಣ ಬಯಾಪ್ಸಿಗೆ ಮೊದಲು ಎಚ್ ಅಂಡ್ ಇ, ಗೆಡ್ಡೆ ಸಿಕ್ಕ ಮೇಲೆ ಮುಂದಿನದು. ಚಾರ್ಜ್ಡ್ ಸ್ಲೈಡ್ ಇಲ್ಲದಿದ್ದರೆ ಕೊಯ್ಯೋದೇ ಇಲ್ಲ, ಯಾರೇ ಬೈದರೂ.

ಎರಡು ತಿಂಗಳ ಮೇಲೆ ಆ ರೈತರ ಮಗ ಬಂದಿದ್ದ. "ದೊಡ್ಡ ದವಾಖಾನಿಗೆ ಒಯ್ಯಬೇಕ್ರೀ, ಬ್ಲಾಕ್ ಕೊಡ್ರಿ ಕಾಕಾ." ರಿಪೋರ್ಟ್ ಮಾಡಿದ ಸ್ಲೈಡ್‌ಗಳನ್ನು ಕೊಟ್ಟೆ. ಬ್ಲಾಕ್ ಯಾಕೆ ಖಾಲಿ ಅಂತ ಅವನನ್ನು ಕೂರಿಸಿಕೊಂಡು ಹೇಳಿದೆ.