ಕಲಾವಿದರ ಮನೆಯಲ್ಲಿ ಜಾತಿಯ ಮಾತೇಕೆ?

ಹನ್ನೊಂದು ವರ್ಷಗಳಿಂದ ನಾನು ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಊರುಗಳಿಗೆ ಹೋಗಿ, ಹಲಗೆ ಎಂಬ ಚರ್ಮವಾದ್ಯ, ಶಹನಾಯಿಯಂಥ ಸನಾದಿ, ತಂತಿವಾದ್ಯಗಳಾದ ಚೌಡಕಿ, ಏಕತಾರಿ ನುಡಿಸುವವರೊಡನೆ ಕುಳಿತು ಅವರ ಬದುಕಿನ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದೇನೆ. ಈ ವಿಷಯ ತಿಳಿದವರು ಹತ್ತು ನಿಮಿಷದೊಳಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತಾರೆ: "ಕಲಾವಿದರ ಹತ್ತಿರ ಹೋಗಿ ಜಾತಿಯ ಮಾತನ್ನು ಏಕೆ ತೆಗೆಯುತ್ತೀರಿ? ಕಲೆಗೆ ಜಾತಿ ಇದೆಯೇ?" ಮದುವೆಯ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಒಮ್ಮೆ ಸಾವಿನ ಮನೆಯ ಅಂಗಳದಲ್ಲಿಯೂ ಇದಕ್ಕೆ ಉತ್ತರ ಹೇಳಿದ್ದೇನೆ. ಇನ್ನು ಮುಂದೆ ಬಾಯಿಯಿಂದ ಹೇಳುವುದಿಲ್ಲ. ಕೇಳಿದವರಿಗೆ ಇದನ್ನು ಓದಲು ಕೊಡುತ್ತೇನೆ.

ನಾನು ಯಾರ ಜಾತಿಯನ್ನೂ ಕೇಳುವುದಿಲ್ಲ. ವಾದ್ಯ ಯಾರಿಂದ ಬಂತು, ಯಾರು ಕಲಿಸಿದರು, ಮೊದಲ ಸಲ ಎಲ್ಲಿ ನುಡಿಸಿದಿರಿ, ಎಷ್ಟು ಹಣ ಕೊಟ್ಟರು, ಊಟ ಎಲ್ಲಿ ಆಯಿತು ಎಂದು ಕೇಳುತ್ತೇನೆ. ಊಟದ ಪ್ರಶ್ನೆಗೆ ಬರುವ ಹೊತ್ತಿಗೆ ಜಾತಿ ತಾನಾಗಿಯೇ ಬಂದು ನಮ್ಮ ನಡುವೆ ಕುಳಿತಿರುತ್ತದೆ. ಆಳಂದ ತಾಲ್ಲೂಕಿನ ಸನಾದಿ ಕಲಾವಿದರೊಬ್ಬರನ್ನು ಹೀಗೆಯೇ ಕೇಳಿದಾಗ ಅವರು ನಕ್ಕು, "ಮುಹೂರ್ತಕ್ಕ ನಾವು ಊದಲಿಲ್ಲಂದ್ರ ಅಕ್ಷತಾ ಬೀಳಂಗಿಲ್ರಿ. ಅಕ್ಷತಾ ಬಿದ್ದ ಮ್ಯಾಲೆ ನಾವು ಎಲ್ಲಿ ಹೋದ್ವಿ, ಉಂಡ್ವೋ ಇಲ್ಲೋ, ಯಾರಿಗೂ ನೆನಪಿರಂಗಿಲ್ಲ" ಎಂದರು. ನಲವತ್ತು ವರ್ಷಗಳ ವೃತ್ತಿಜೀವನವನ್ನು ಅವರು ಹೇಳಿದ್ದು ಹಾಗೆ. ಆ ಮಾತಿನಿಂದ ಜಾತಿಯನ್ನು ಬಿಡಿಸಿ ತೆಗೆದು ಉಳಿದದ್ದನ್ನು ಮಾತ್ರ ಬರೆದುಕೊಳ್ಳಿ ಎಂದು ಪ್ರಶ್ನಿಸುವವರು ಬಯಸುವುದಾದರೆ, ಉಳಿಯುವುದು ಏನು ಎಂಬುದನ್ನೂ ಅವರೇ ಹೇಳಬೇಕು.

ನನ್ನನ್ನು ಹೆಚ್ಚು ಕೆರಳಿಸುವುದು ಪ್ರಶ್ನೆಯನ್ನು ಕೇಳುವ ಭಾಷೆ. "ಹಲಗೆ ಬಡಿಯುವವನನ್ನು ಯಾಕೆ ಇಷ್ಟು ಮಾತನಾಡಿಸುತ್ತೀರಿ?" ಎನ್ನುವವರೇ ಮರುಕ್ಷಣ "ಅವರು ತಬಲಾ ನುಡಿಸುತ್ತಾರಲ್ಲ, ಅವರನ್ನು ಮಾತನಾಡಿಸಿ" ಎಂದು ಸಲಹೆ ಕೊಡುತ್ತಾರೆ. ತಬಲಾ ನುಡಿಸುತ್ತಾರೆ, ಹಲಗೆ ಬಡಿಯುತ್ತಾನೆ. ಶಹನಾಯಿ ನುಡಿಸುತ್ತಾರೆ, ಸನಾದಿ ಊದುತ್ತಾನೆ. ಎರಡೂ ಕಡೆ ಚರ್ಮದ ಮೇಲೆ ಬೀಳುವುದು ಮನುಷ್ಯರ ಕೈಯೇ, ಕೊಳವೆಯೊಳಗೆ ಹೋಗುವುದು ಮನುಷ್ಯರ ಉಸಿರೇ. ಆದರೂ ನಾವು ಕ್ರಿಯಾಪದವನ್ನು ಬದಲಿಸಿ, ಬಹುವಚನವನ್ನು ಏಕವಚನಕ್ಕೆ ಇಳಿಸಿಬಿಡುತ್ತೇವೆ. ಶಹನಾಯಿ ನುಡಿಸಿದ ಬಿಸ್ಮಿಲ್ಲಾ ಖಾನರಿಗೆ 2001ರಲ್ಲಿ ಭಾರತರತ್ನ ಸಂದಿತು. 1977ರಲ್ಲಿ ತೆರೆಗೆ ಬಂದ 'ಸನಾದಿ ಅಪ್ಪಣ್ಣ' ಚಿತ್ರದಲ್ಲಿ ರಾಜಕುಮಾರರ ಕೈಯಲ್ಲಿದ್ದ ಸನಾದಿಗೆ ನಾದವನ್ನು ಕೊಟ್ಟದ್ದು ಇದೇ ಖಾನ್ ಸಾಹೇಬರ ಶಹನಾಯಿ. ಅದನ್ನು ಕೇಳಿ ಕಣ್ಣೊರೆಸಿಕೊಂಡ ಯಾರಿಗೂ ಇದು ಸನಾದಿಯಲ್ಲ ಎಂದು ಅನ್ನಿಸಲಿಲ್ಲ. ಅಂದಮೇಲೆ ಎರಡರ ನಡುವೆ ನಾವು ಕಾಣುವ ಅಂತರ ಕಿವಿಯಿಂದ ಬಂದದ್ದಲ್ಲ.

ಮೂರು ವರ್ಷಗಳ ಹಿಂದಿನ ಒಂದು ದಿನವನ್ನು ಹೇಳದೆ ನಾನು ಮುಂದೆ ಹೋಗಲಾರೆ. ಕಲಬುರಗಿಯ ಒಂದು ಸಮಾರಂಭದಲ್ಲಿ ಜನಪದ ವಾದ್ಯಗಳ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದರು. ಬೆಳಿಗ್ಗೆ ಅಧ್ಯಕ್ಷರ ಮೆರವಣಿಗೆಗೆ ಯಾದಗಿರಿ ಕಡೆಯಿಂದ ಎಂಟು ಜನರ ಹಲಗೆ ಮೇಳ ಬಂದಿತ್ತು; ಬಿಸಿಲಿನಲ್ಲಿ ಎರಡು ಗಂಟೆ ನುಡಿಸಿಕೊಂಡು ಬಂದ ಆ ಮೇಳ ಸಭಾಂಗಣದ ಬಾಗಿಲಿನವರೆಗೆ ಬಂದು ನಿಂತಿತು. ನಾವು ಒಳಗೆ ಹೋದೆವು. ನನ್ನ ಮಾತು ಮುಗಿದ ಮೇಲೆ ನಿವೃತ್ತ ಪ್ರಾಧ್ಯಾಪಕರೊಬ್ಬರು ಎದ್ದು ನಿಂತರು. ನಾನು ಗೌರವಿಸುವ, ಬಹಳ ಓದಿಕೊಂಡ ಹಿರಿಯರು. ಅವರು ಅಮೆರಿಕದ ಕಪ್ಪುಜನಾಂಗದ ಗಾಯಕಿ ಮರಿಯನ್ ಆಂಡರ್ಸನ್ ಅವರ ಕಥೆಯನ್ನು ಹೇಳಿದರು: 1939ರಲ್ಲಿ ವಾಷಿಂಗ್ಟನ್ನಿನ ದೊಡ್ಡ ಸಭಾಂಗಣದಲ್ಲಿ ಹಾಡಲು ಅದರ ಒಡೆತನದ ಮಹಿಳಾ ಸಂಘ ಆಕೆಗೆ ಅವಕಾಶ ಕೊಡಲಿಲ್ಲ, ಏಪ್ರಿಲ್ 9ರ ಈಸ್ಟರ್ ಭಾನುವಾರ ಆಕೆ ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ನಿಂತು ಸುಮಾರು 75,000 ಜನರ ಎದುರು ಹಾಡಿದರು. ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದ ದಕ್ಷಿಣದ ಹೋಟೆಲುಗಳಲ್ಲಿ ತಂಗುವ ಅವಮಾನವನ್ನು ತಪ್ಪಿಸಿಕೊಳ್ಳಲು ರೈಲಿನ ಬೋಗಿಗಳನ್ನೇ ಬಾಡಿಗೆಗೆ ಹಿಡಿದು ಅವುಗಳಲ್ಲಿಯೇ ಮಲಗುತ್ತಿದ್ದುದನ್ನೂ ಹೇಳಿದರು. ಹೇಳುವಾಗ ಅವರ ಗಂಟಲು ಕಟ್ಟಿತು. ಸಭೆ ಚಪ್ಪಾಳೆ ತಟ್ಟಿತು. ನಂತರ ಅವರು ನನ್ನ ಕಡೆ ತಿರುಗಿ, "ಅಲ್ಲಿ ಅದು ಜನಾಂಗಭೇದ. ನಮ್ಮದು ಶರಣರ ನಾಡು. ಇಲ್ಲಿ ಕಲಾವಿದರ ನಡುವೆ ನೀವು ಜಾತಿಯನ್ನು ಏಕೆ ಹುಡುಕುತ್ತೀರಿ?" ಎಂದು ಕೇಳಿದರು.

ನಾನು ನಿಂತಿದ್ದ ಜಾಗದಿಂದ ಕಿಟಕಿ ಕಾಣುತ್ತಿತ್ತು. ಕಿಟಕಿಯ ಆಚೆ, ಬೇವಿನ ಮರದ ಕೆಳಗೆ, ಆ ಎಂಟು ಜನ ಹಲಗೆಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಒಳಗಿನವರದೆಲ್ಲ ಊಟವಾದ ಮೇಲೆ ಬಡಿಸುತ್ತೇವೆ ಎಂದು ಅವರಿಗೆ ಹೇಳಿದ್ದರು. ನೀರಿನ ಡ್ರಮ್ಮಿನ ಮೇಲಿದ್ದ ಸ್ಟೀಲ್ ಲೋಟವನ್ನು ಯಾರೋ ಆಗಲೇ ಎತ್ತಿಟ್ಟಿದ್ದರು. ಅವರು ಬೊಗಸೆಯಲ್ಲಿ ಕುಡಿಯುತ್ತಿದ್ದರು. ಇದೆಲ್ಲವೂ ಕಾಣುತ್ತಿದ್ದರೂ ನಾನು ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ 17ನೆಯ ವಿಧಿಯ ಬಗ್ಗೆ ಒಂದು ಸಭ್ಯ ಉತ್ತರವನ್ನು ಕೊಟ್ಟು ಕುಳಿತೆ. "ಸರ್, ಬನ್ನಿ, ಹೊರಗೆ ಹೋಗಿ ಅವರೊಡನೆ ಒಂದು ಲೋಟ ನೀರು ಕುಡಿದು ಬರೋಣ" ಎಂದು ಅನ್ನಬೇಕಾಗಿತ್ತು. ಅನ್ನಲಿಲ್ಲ. ಅಂದಿನಿಂದ ಈ ಪ್ರಶ್ನೆಯನ್ನು ಯಾರೇ ಕೇಳಿದರೂ ನನಗೆ ಆ ಬೊಗಸೆಗಳು ಕಾಣುತ್ತವೆ, ಮತ್ತು ನನ್ನ ದನಿ ತಾನಾಗಿ ಏರುತ್ತದೆ. ಒರಟಾಗಿ ಉತ್ತರಿಸುತ್ತೇನೆ ಎಂಬ ದೂರು ನನ್ನ ಮೇಲಿದ್ದರೆ ಅದಕ್ಕೆ ಕಾರಣ ಇದು.

ಜಾತಿ ಮತ್ತು ಜನಾಂಗಭೇದ ಒಂದೇ ಅಲ್ಲ ಎಂದು ತಿದ್ದುವವರಿಗೂ ಒಂದು ಮಾತು. 2001ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ ನಡೆದಾಗಲೂ ಈ ವಾದ ನಡೆದಿತ್ತು; ಜಾತಿಯನ್ನೂ ಚರ್ಚೆಗೆ ತನ್ನಿ ಎಂದು ದಲಿತ ಸಂಘಟನೆಗಳು ಕೇಳಿದವು, ಭಾರತ ಸರ್ಕಾರ ಅದನ್ನು ವಿರೋಧಿಸಿತು. ಶಾಸ್ತ್ರದಲ್ಲಿ ಎರಡನ್ನೂ ಬೇರೆ ಮಾಡಿ ನೋಡುವುದಕ್ಕೆ ನನ್ನ ತಕರಾರಿಲ್ಲ. ಹಾಡಲು ಕರೆದು ಉಣ್ಣಲು ಹೊರಗೆ ನಿಲ್ಲಿಸುವ ರೀತಿಯಲ್ಲಿ ಮಾತ್ರ ನನಗೆ ವ್ಯತ್ಯಾಸ ಕಂಡಿಲ್ಲ.

ಇನ್ನು "ಶರಣರ ನಾಡು" ಎಂಬ ಮಾತು. ಬಸವಕಲ್ಯಾಣ ನಮ್ಮಲ್ಲಿಯೇ ಇದೆ, ಸೂಫಿ ಸಂತ ಬಂದೇನವಾಜರ ದರ್ಗಾ ಇಲ್ಲಿಯೇ ಇದೆ, ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರಿದ್ದರು. ಮೊಹರಂ ಬಂದರೆ ಊರೆಲ್ಲ ಅಲಾಯಿ ಕುಣಿಯ, ಅಂದರೆ ಬೆಂಕಿಗುಂಡಿಯ, ಸುತ್ತ ಸೇರುತ್ತದೆ. ಇವೆಲ್ಲವೂ ನಿಜ, ಇವುಗಳ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ಶರಣರು ಜಾತಿಯ ಮಾತನ್ನು ತೆಗೆಯದೆ ಇದ್ದವರಲ್ಲ. ಮಾದಾರ ಧೂಳಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ ಎಂದು ಕುಲಕಸುಬನ್ನು ಹೆಸರಿನ ಮುಂದೆಯೇ ಇಟ್ಟುಕೊಂಡು ಅನುಭವಮಂಟಪದಲ್ಲಿ ಕುಳಿತವರು ಅವರು. ಅವರ ನಡುವೆ ಢಕ್ಕೆಯ ಬೊಮ್ಮಣ್ಣ ಎಂಬ ವಾದ್ಯಗಾರರೂ ಇದ್ದರು. ಸಮಗಾರ ಹರಳಯ್ಯ ಮತ್ತು ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆಗಾಗಿ ಕಲ್ಯಾಣದಲ್ಲಿ ರಕ್ತ ಹರಿಯಿತೆಂದು ನಾವೇ ಪುರಾಣ ಹೇಳುತ್ತೇವೆ, ಹೇಳಿ ಮುಗಿಸಿ, ಪುರಾಣಕ್ಕೆ ವಾದ್ಯ ನುಡಿಸಿದವರನ್ನು ಅಂಗಳದಲ್ಲಿಯೇ ಬಿಟ್ಟು ಒಳಗೆ ಹೋಗುತ್ತೇವೆ. ಶರಣರ ಹೆಸರನ್ನು ಹಿಡಿದು ನನಗೆ ಸುಮ್ಮನಿರಲು ಹೇಳಬೇಡಿ.

"ನೀವು ಯಾವ ಜನ?" ಎಂದೂ ಕೆಲವರು ಮೆಲ್ಲಗೆ ಕೇಳುತ್ತಾರೆ. ನಾನು ಹುಟ್ಟಿದ್ದು ಹಲಗೆಯ ಮನೆಯಲ್ಲಿ ಅಲ್ಲ, ಹಲಗೆಯವರಿಗೆ ಆಯ ಕೊಡುತ್ತಿದ್ದ ಮನೆಯಲ್ಲಿ. ಕಣದಲ್ಲಿ ಜೋಳದ ರಾಶಿಯಾದ ಮೇಲೆ ವರ್ಷವಿಡೀ ನುಡಿಸಿದವರು ಬಂದು ಸೆರಗು, ಟವೆಲ್ಲುಗಳನ್ನು ಒಡ್ಡಿ ನಿಲ್ಲುತ್ತಿದ್ದರು. ನನ್ನ ಅಜ್ಜಿ ಮೊರ ಅವರ ಬಟ್ಟೆಗೆ ತಾಗದ ಹಾಗೆ ಎತ್ತರದಿಂದ ಕಾಳು ಸುರಿಯುತ್ತಿದ್ದಳು. ಹೊರಗೆ ಚೆಲ್ಲಿದ ಕಾಳನ್ನು ಅವರು ಮಣ್ಣಿನಿಂದ ಆರಿಸಿಕೊಳ್ಳುತ್ತಿದ್ದರು. ನನಗೆ ಆಗ ಏಳೆಂಟು ವರ್ಷ. ಅಜ್ಜಿಯ ಕೈ ಧಾರಾಳವಾದ ಕೈ ಎಂದು ಊರೆಲ್ಲ ಹೊಗಳುತ್ತಿತ್ತು, ನಾನೂ ಹಾಗೆಯೇ ತಿಳಿದಿದ್ದೆ. ಈಗ ಆ ಮನೆಗಳ ಅಂಗಳದಲ್ಲಿ ಕುಳಿತು ಪ್ರಶ್ನೆ ಕೇಳುವಾಗ ಆ ಮೊರ ನನ್ನ ಕೈಯಲ್ಲಿಯೂ ಇದೆ ಎಂಬುದನ್ನು ಮರೆಯದಿರಲು ಪ್ರಯತ್ನಿಸುತ್ತೇನೆ.

ಇದು ಹಳ್ಳಿಯ, ಹಳೆಯ ಕಾಲದ ಮಾತು ಎನ್ನುವವರು ಕಲಬುರಗಿ ನಗರದ ಒಬ್ಬ ಯುವ ತಬಲಾ ಕಲಾವಿದರ ಮಾತನ್ನು ಕೇಳಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಒಂಬತ್ತು ವರ್ಷ ಕಲಿತು ಬಂದವರು. ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವಿಟ್ಟು ವಿದ್ಯೆ ಕೊಟ್ಟ ಜಾಗ. ಅಲ್ಲಿ ಯಾರೂ ತಮ್ಮ ಅಡ್ಡಹೆಸರನ್ನು ಕೇಳಲಿಲ್ಲ ಎಂದು ಅವರು ಹೇಳುತ್ತಾರೆ. ನಗರಕ್ಕೆ ಬಂದು ಮನೆಪಾಠ ಶುರುಮಾಡಿದ ಎರಡನೆಯ ತಿಂಗಳಲ್ಲಿ ಒಬ್ಬ ತಾಯಿ ಚಹಾ ಕೊಡುತ್ತ ಅಡ್ಡಹೆಸರನ್ನು ಕೇಳಿದರು. ಮುಂದಿನ ವಾರ ಮಗನಿಗೆ ಪರೀಕ್ಷೆ ಇದೆ ಎಂದರು, ಅದರ ಮುಂದಿನ ವಾರ ಅದೇ ಓಣಿಯ ಇನ್ನೂ ಮೂರು ಮನೆಗಳ ಮಕ್ಕಳಿಗೆ ಪರೀಕ್ಷೆ ಬಂದಿತು. ಬಾಡಿಗೆ ಮನೆಯ ಕಥೆಯೂ ಹೀಗೆಯೇ. "ತಾಳ ತಪ್ಪಿದ್ರ ರಿಯಾಜ್ ಮಾಡಿ ತಿದ್ದಿಕೋತೀನಿ ಸರ. ಅಡ್ಡಹೆಸರನ್ನ ಯಾವ ರಿಯಾಜ್‌ನಿಂದ ತಿದ್ದಲಿ?" ಎಂದು ಅವರು ನನ್ನನ್ನು ಕೇಳಿದರು. ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ನನ್ನ ಬಳಿ ಏನೂ ಇರಲಿಲ್ಲ.

ಇಷ್ಟು ವರ್ಷಗಳಲ್ಲಿ ಯಾರೂ ನನಗೆ ಕೇಳದ ಪ್ರಶ್ನೆಯೊಂದಿದೆ: ಅವರು ನುಡಿಸುವುದು ಹೇಗಿರುತ್ತದೆ? ಜಾತಿಯ ಮಾತು ಬೇಡ, ಕಲೆಯ ಮಾತು ಸಾಕು ಎನ್ನುವವರು ಕೂಡ ಕಲೆಯ ಬಗ್ಗೆ ಒಂದು ಮಾತನ್ನೂ ಕೇಳುವುದಿಲ್ಲ. ಕೇಳಿದ್ದರೆ ಎಷ್ಟು ಸಂತೋಷದಿಂದ ಹೇಳುತ್ತಿದ್ದೆ! ಸನಾದಿ ಕಲಿಯುವ ಹುಡುಗ ಮೊದಲ ವರ್ಷ ರಾಗವನ್ನು ಕಲಿಯುವುದಿಲ್ಲ; ಸುತಿ (ಶ್ರುತಿ) ಹಿಡಿದು ಒಂದೇ ಸ್ವರವನ್ನು ಕಡಿಯದೆ ಊದುತ್ತಾನೆ. ಕೆನ್ನೆಯಲ್ಲಿ ತುಂಬಿಕೊಂಡ ಗಾಳಿಯನ್ನು ವಾದ್ಯದೊಳಗೆ ತಳ್ಳುತ್ತಲೇ ಮೂಗಿನಿಂದ ಹೊಸ ಉಸಿರನ್ನು ಎಳೆದುಕೊಳ್ಳಬೇಕು, ನಡುವೆ ನಾದ ಕೂದಲೆಳೆಯಷ್ಟೂ ಅಲುಗಬಾರದು. ಹಲಗೆಯ ಚರ್ಮ ಗಾಳಿಯ ತೇವವನ್ನು ಕುಡಿದು ಸಡಿಲವಾಗುತ್ತದೆ, ಆದ್ದರಿಂದ ನುಡಿಸುವ ಮುಂಚೆ ಬೆಂಕಿಗೆ ಕಾಸಬೇಕು. ಎಷ್ಟು ಕಾಸಬೇಕೆಂಬುದನ್ನು ಬೆರಳಿನಿಂದ ಒಮ್ಮೆ ಮೀಟಿ ತಿಳಿಯುತ್ತಾರೆ. ಹೆಚ್ಚಾದರೆ ಚರ್ಮ ಹರಿಯುತ್ತದೆ, ಕಡಿಮೆಯಾದರೆ ದನಿ ಏಳುವುದಿಲ್ಲ. ಈಗ ನಟ್ಟು ತಿರುಗಿಸಿ ಬಿಗಿಯುವ ಪ್ಲಾಸ್ಟಿಕ್ ಹಲಗೆಗಳು ಬಂದಿವೆ, ಮಳೆಗಾಲಕ್ಕೆ ಅನುಕೂಲವೂ ಹೌದು, ಆದರೆ ಹಿರಿಯರು ಅದರ ದನಿಯನ್ನು ಒಪ್ಪುವುದಿಲ್ಲ.

ಸುರಪುರ ತಾಲ್ಲೂಕಿನಲ್ಲಿ, ತಿಂಥಣಿಗೆ ಹತ್ತಿರದ ಒಂದು ಊರಿನಲ್ಲಿ, ನಾನು ಕಾಕಾ ಎಂದು ಕರೆಯುವ ಎಪ್ಪತ್ತು ದಾಟಿದ ಹಲಗೆ ಕಲಾವಿದರಿದ್ದಾರೆ. ಪಲ್ಲಕ್ಕಿ ಏಳುವಾಗ ಒಂದು ಪೆಟ್ಟು, ಅದು ನಿಂತಾಗ ಇನ್ನೊಂದು. ಬೀಗರನ್ನು ಇದಿರುಗೊಳ್ಳುವುದಕ್ಕೆ, ಅಲಾಯಿ ಹೆಜ್ಜೆಗೆ, ಡಂಗುರಕ್ಕೆ, ಸಾವಿಗೆ, ಒಂದೊಂದಕ್ಕೂ ಬೇರೆ ಬೇರೆ ಪೆಟ್ಟು. ಎಲ್ಲವನ್ನೂ ಮಗನಿಗೆ ಕಲಿಸಿದ್ದಾರೆ, ಸಾವಿನ ಪೆಟ್ಟನ್ನು ಮಾತ್ರ ಕಲಿಸಿಲ್ಲ. ಏಕೆಂದು ಕೇಳಿದೆ. "ಅದು ಬರ್ತದ ಅಂತ ಗೊತ್ತಾದ್ರ ನಡುರಾತ್ರಿ ಬಾಗಲಾ ಬಡೀತಾರ ಸರ. ಬರಂಗಿಲ್ಲ ಅಂದ್ರ ಕರ್ಯಾಂಗಿಲ್ಲ. ನಮ್ಮಪ್ಪ ನನಗ ಕಲಿಸಿದ, ನಾ ಹೊತ್ತೀನಿ. ಅಂವಗ ಬ್ಯಾಡ" ಎಂದರು. ಮಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಾನೆ, ಜಾತ್ರೆಗೆ, ಮೊಹರಮಿಗೆ ಊರಿಗೆ ಬಂದು ಮೇಳವನ್ನು ನಡೆಸುತ್ತಾನೆ. ಒಂದು ಪೆಟ್ಟು ಒಂದು ಮನೆಯಲ್ಲಿ ಏಕೆ ನಿಂತುಹೋಗುತ್ತದೆ ಎಂಬುದನ್ನು ಜಾತಿಯ ಮಾತನ್ನು ತೆಗೆಯದೆ ಬರೆಯುವುದು ನನಗೆ ಸಾಧ್ಯವಾಗಿಲ್ಲ.

ಆ ಪೆಟ್ಟನ್ನು ನನಗಾಗಿ ನುಡಿಸಲು ಕಾಕಾ ಒಪ್ಪಿದರು. ಮನೆಯಲ್ಲಿ ನುಡಿಸಬಾರದೆಂದು ಅವರ ಹೆಂಡತಿ ತಡೆದದ್ದರಿಂದ ಊರಾಚೆಯ ಹೊಲಕ್ಕೆ ಹೋದೆವು. ತೊಗರಿ ಕಟ್ಟಿಗೆಗೆ ಬೆಂಕಿ ಹಾಕಿ ಹಲಗೆಯನ್ನು ಕಾಸಿದರು. ದಪ್ಪ ಕೋಲಿನ ಒಂದು ಭಾರವಾದ ಪೆಟ್ಟು, ಅದರ ಹಿಂದೆ ಸಪೂರ ಕಡ್ಡಿಯ ಮೂರು, ಆಮೇಲೆ ಒಂದು ಬಿಡುವು. ಆ ಬಿಡುವು ಪ್ರತಿ ಸುತ್ತಿಗೂ ಒಂದಿಷ್ಟು ಉದ್ದವಾಗುತ್ತ ಹೋಗುತ್ತಿತ್ತು. ಹದಿನಾಲ್ಕು ನಿಮಿಷ ನುಡಿಸಿದರು. ಪಕ್ಕದ ಹೊಲದಿಂದ ರೈತನೊಬ್ಬ ಓಡಿಬಂದು "ಯಾರು ಹೋದ್ರೋ?" ಎಂದು ಕೂಗಿದ. "ಯಾರೂ ಇಲ್ಲೋ, ಇವ್ರು ಕೇಳ್ಯಾರ, ಅದಕ್ಕ ನುಡಿಸಿದೆ" ಎಂದರು ಕಾಕಾ. ಹೊರಡುವಾಗ, ತಾವು ಇರುವವರೆಗೆ ಅದನ್ನು ಮಗನಿಗೆ ಕೇಳಿಸಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು.

ಕಳೆದ ಮೊಹರಮಿನಲ್ಲಿ ಮಗನೇ ನನ್ನನ್ನು ಪಕ್ಕಕ್ಕೆ ಕರೆದು, ಅಪ್ಪ ಹೊಲದಲ್ಲಿ ನುಡಿಸಿದ್ದು ನಿಮ್ಮ ಹತ್ತಿರ ಇದೆಯಂತೆ, ಕೊಡಿ ಎಂದು ಕೇಳಿದ. ನಾನು ಇನ್ನೂ ಕೊಟ್ಟಿಲ್ಲ.