ಫೋರ್ಟ್ ಆರ್ಡ್‌ನ ಹೊಯ್ಗೆ ದಾರಿ: ಬೇಸಿಗೆಯಲ್ಲಿ ಸೈಕಲ್ ತರುವವರಿಗೆ

ನಮ್ಮ ಕುಂದಾಪುರದ ಕಡೆ ಮರಳಿಗೆ ಹೊಯ್ಗೆ ಅಂತೀವಿ. ಕಡಲಿಗೆ ಹೋಗುವ ದಾರಿಯಲ್ಲಿ ಕೊನೆಯ ಸ್ವಲ್ಪ ದೂರ ಸೈಕಲ್ಲಿನಿಂದ ಇಳಿದು ತಳ್ಳಿಯೇ ಬೆಳೆದವರು ನಾವು. ಹೊಯ್ಗೆಯಲ್ಲೂ ಇಳಿಯದೆ ಸೈಕಲ್ ಹೊಡೆಯಬಹುದು ಅಂತ ನನಗೆ ಗೊತ್ತಾಗಿದ್ದು ಕ್ಯಾಲಿಫೋರ್ನಿಯಾದ ಫೋರ್ಟ್ ಆರ್ಡ್‌ನಲ್ಲಿ. ಅದೂ ಎರಡನೇ ಸಲ ಹೋದಾಗ. ಮೊದಲ ಸಲ ನಾನು ಮತ್ತು ಭಾವ ಪಟ್ಟ ಪಾಡು ಬೇರೆಯವರಿಗೆ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಫೋರ್ಟ್ ಆರ್ಡ್ ಮಾಂಟೆರೆ ಕೊಲ್ಲಿಯ ಪಕ್ಕದಲ್ಲಿದೆ. 1917ರಿಂದ 1994ರವರೆಗೆ ಅಮೆರಿಕದ ಸೈನ್ಯದ ಜಾಗ. 2012ರಲ್ಲಿ ರಾಷ್ಟ್ರೀಯ ಸ್ಮಾರಕ ಅಂತ ಘೋಷಣೆ ಆಯಿತು. ಈಗ ಸುಮಾರು 86 ಮೈಲಿ ದಾರಿಗಳು ನಡೆಯುವವರಿಗೆ, ಕುದುರೆ ಸವಾರರಿಗೆ, ಸೈಕಲ್‌ನವರಿಗೆ ತೆರೆದಿವೆ. ಟಿಕೆಟ್ ಇಲ್ಲ. ಸ್ಯಾನ್ ಹೋಸೆಯಿಂದ 101 ಹೆದ್ದಾರಿ ಹಿಡಿದು, 156ನೇ ಹೆದ್ದಾರಿಗೆ ತಿರುಗಿ, ಕ್ಯಾಸ್ಟ್ರೋವಿಲ್ ದಾಟಿ ಮರೀನಾ ತಲುಪಲು ಬೆಳಿಗ್ಗೆ ಬೇಗ ಹೊರಟರೆ ಒಂದೂಕಾಲು ಗಂಟೆ ಸಾಕು. ಬೇ ಏರಿಯಾದ ಕನ್ನಡದವರು ಹೇಗೂ ಮಕ್ಕಳಿಗೆ ಮಾಂಟೆರೆ ತೋರಿಸಲು ಹೋಗುತ್ತಿರುತ್ತೀರಿ, ಅಲ್ವಾ? ಒಂದು ಸಲ ಸೈಕಲ್ಲನ್ನೂ ಏರಿಸಿಕೊಂಡು ಹೋಗಿ.

ಮೊದಲ ಸಲ ನಾವು ಹೋಗಿದ್ದು ಜುಲೈನಲ್ಲಿ. ಆರಾಮಾಗಿ ತಿಂಡಿ ಮುಗಿಸಿ, ಇಂಟರ್-ಗ್ಯಾರಿಸನ್ ರಸ್ತೆಯ ಜೆರ್ರಿ ಸ್ಮಿತ್ ಟ್ರೈಲ್‌ಹೆಡ್ (ದಾರಿ ಶುರುವಾಗುವ ಜಾಗ) ಹತ್ತಿರ ಸೈಕಲ್ ಇಳಿಸುವಾಗ ಹನ್ನೊಂದು ಗಂಟೆ. ಮಂಜು ಪೂರ್ತಿ ಸರಿದು ಬಿಸಿಲು ಬಂದಿತ್ತು. ಎಷ್ಟು ಒಳ್ಳೆ ಹವೆ ಅಂತ ಖುಷಿಪಟ್ಟೆವು. ಅರ್ಧ ಮೈಲಿಯೊಳಗೆ ಭಾವನ ಮುಂದಿನ ಚಕ್ರ ಮರಳಲ್ಲಿ ಹೂತು ನಿಂತಿತು. ಚಕ್ರ ನಿಂತರೂ ಭಾವ ನಿಲ್ಲಲಿಲ್ಲ. ಹ್ಯಾಂಡಲ್ ಮೇಲಿಂದ ಹೋಗಿ ಪೊದೆಯ ಪಕ್ಕದಲ್ಲಿ ಬಿದ್ದರು. ಮೊಣಕೈ ತರಚಿತು, ಅಷ್ಟೇ. ಆದರೆ ಆಮೇಲೆ ಅವರು ಪ್ರತಿ ಮರಳಿಗೂ ಇಳಿದು ತಳ್ಳತೊಡಗಿದರು. ನನಗೂ ಬೇರೆ ದಾರಿ ಇರಲಿಲ್ಲ. ಎರಡು ಗಂಟೆಯಲ್ಲಿ ಐದು ಮೈಲಿ ಆಗಿತ್ತು, ಇಬ್ಬರ ಹತ್ತಿರವೂ ನೀರು ಖಾಲಿ.

ಆಗಸ್ಟ್‌ನಲ್ಲಿ ಮತ್ತೆ ಹೋದೆವು. ಈ ಸಲ ಏಳು ಗಂಟೆಗೇ ಸೈಕಲ್ ಮೇಲಿದ್ದೆವು. ಹದಿನೈದು ಡಿಗ್ರಿ ಚಳಿ, ಇಪ್ಪತ್ತು ಮಾರು ಮುಂದೆ ಏನೂ ಕಾಣದಷ್ಟು ಮಂಜು. ಅದೇ ದಾರಿ. ಆದರೆ ಅದೇ ಮರಳು ಅಂತ ನಂಬಲು ಆಗಲಿಲ್ಲ.

ಭಾವ ಬಿದ್ದಿದ್ದ ಜಾಗದಲ್ಲಿ ನಿಂತು ನೋಡಿದೆ. ದಾರಿಯ ಮೇಲೆ ಓಕ್ ಮರದ ಕೊಂಬೆಗಳು ಬಾಗಿವೆ. ಎಲೆಗಳಿಗೆ ಹತ್ತಿದ ಮಂಜು ಹನಿಯಾಗಿ ಟಪ್ ಟಪ್ ಅಂತ ಬೀಳುತ್ತಿದೆ. ಕೆಳಗೆ ಮರಳು ಕಂದು ಬಣ್ಣಕ್ಕೆ ತಿರುಗಿದೆ. ಚಕ್ರದ ಗುರುತು ಅಚ್ಚು ಒತ್ತಿದ ಹಾಗೆ ಅಂಚು ಕುಸಿಯದೆ ನಿಂತಿದೆ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ಆಗುತ್ತದೆ. ಬಿಸಿಲಲ್ಲಿ ಇದೇ ಮರಳು ಬಿಳಿಚಿಕೊಂಡು, ಬೆರಳ ಸಂದಿಯಿಂದ ಸಕ್ಕರೆಯ ಹಾಗೆ ಜಾರಿಹೋಗಿತ್ತು. ಕಾಳುಗಳ ನಡುವೆ ಸ್ವಲ್ಪ ನೀರಿದ್ದರೆ ಅವು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ನೀರು ಆರಿದರೆ ಬಿಟ್ಟುಬಿಡುತ್ತವೆ. ಇಲ್ಲಿ ಬೇಸಿಗೆಯಲ್ಲಿ ಮಳೆ ಬರುವುದಿಲ್ಲ ಅಂತಲೇ ಹೇಳಬಹುದು. ಹಾಗಾಗಿ ಆ ನೀರು ಕೊಡುವುದು ಮಂಜೊಂದೇ.

ಅದಕ್ಕೇ ಹೇಳುವುದು, ಬೇಸಿಗೆಯ ಫೋರ್ಟ್ ಆರ್ಡ್‌ಗೆ ಬಿಸಿಲು ನೋಡಿ ಹೊರಡಬೇಡಿ, ಮಂಜು ನೋಡಿ ಹೊರಡಿ. ಮಂಜು ಇರುವಾಗಲೇ ಕಡಲ ಕಡೆಯ ಮರಳು ದಾರಿಗಳನ್ನು ಮುಗಿಸಿಬಿಡಿ. ಬಿಸಿಲು ಬರುವ ಹೊತ್ತಿಗೆ ಪೂರ್ವಕ್ಕೆ, ಸಲಿನಾಸ್ ಕಡೆಯ ಹುಲ್ಲುಗುಡ್ಡಗಳಿಗೆ ಹೋಗಿ. ಅಲ್ಲಿ ನೆಲ ಗಟ್ಟಿ. ಸ್ಕೈಲೈನ್ ರಸ್ತೆ, ಆಯಿಲ್ ವೆಲ್ ರಸ್ತೆಯಂಥ ಅಗಲದ ಮಣ್ಣು ದಾರಿಗಳಿವೆ. ಏರು ಜೋರಾಗಿದೆ, ನೆರಳಿಲ್ಲ, ಕಡಲ ಕಡೆಗಿಂತ ಸೆಕೆ ಬಹಳ ಜಾಸ್ತಿ. ಆದರೆ ಚಕ್ರ ಹೂಳುವುದಿಲ್ಲ. ವಾಪಸ್ ಬರುವಾಗ ಸೈನ್ಯ ಬಿಟ್ಟುಹೋದ ಹಳೇ ಟಾರು ರಸ್ತೆಗಳನ್ನು ಹಿಡಿಯಿರಿ. ಮಧ್ಯಾಹ್ನದ ಒಣ ಮರಳಲ್ಲಿ ಸುಸ್ತಾದ ಕಾಲು ಇಟ್ಟುಕೊಂಡು ವಾಪಸ್ ಬರುವ ಹಾಗೆ ಮಾತ್ರ ದಾರಿ ಹಾಕಿಕೊಳ್ಳಬೇಡಿ.

ಟೈರಿನ ಗಾಳಿ ಎರಡನೇ ಮುಖ್ಯ ವಿಷಯ. ಮೊದಲ ಸಲ ನಾನು 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿದ್ದೆ. ರಸ್ತೆಗೆ ಅದು ಚೆನ್ನ. ಮರಳಲ್ಲಿ ಗಟ್ಟಿ ಟೈರು ಚಾಕುವಿನ ಹಾಗೆ ಕೊಯ್ದುಕೊಂಡು ಕೆಳಗೆ ಹೋಗುತ್ತದೆ. ಎರಡನೇ ಸಲ 2.4 ಇಂಚಿನ ಟ್ಯೂಬ್‌ಲೆಸ್ ಟೈರಿಗೆ ಹಿಂದೆ 21, ಮುಂದೆ 19 ಇಟ್ಟೆ. ನನ್ನ ತೂಕ 72 ಕೆಜಿ. ನೀವು ಇನ್ನೂ ಭಾರ ಇದ್ದರೆ ಒಂದೆರಡು ಜಾಸ್ತಿ ಇರಲಿ. ಒಳಗೆ ಟ್ಯೂಬ್ ಇದ್ದರೆ ಇಷ್ಟು ಇಳಿಸಬೇಡಿ, ಬೇರಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ತೂತಾಗುತ್ತದೆ. ಸಣ್ಣ ಪಂಪು ಜೊತೆಗಿರಲಿ.

ಓಡಿಸುವ ರೀತಿ ಹೇಳಿಕೊಡುವುದಕ್ಕಿಂತ ಅಭ್ಯಾಸದಿಂದ ಬರಬೇಕು. ಆದರೂ ಭಾವನಿಗೆ ನಾನು ಹಿಂದಿನಿಂದ ಕೂಗುತ್ತಿದ್ದುದು ಇಷ್ಟು: "ಭಾವ, ಹ್ಯಾಂಡಲ್ ಬಿಗಿ ಹಿಡೀಬೇಡಿ! ತುಳೀತಾ ಇರಿ, ನಿಲ್ಲಿಸಬೇಡಿ!" ಮರಳು ಕಾಣಿಸಿದ ಕೂಡಲೇ, ಒಳಗೆ ಹೋಗುವ ಮೊದಲೇ, ಹಗುರದ ಗೇರಿಗೆ ಬನ್ನಿ. ಬ್ರೇಕ್ ಹಿಡಿಯುವುದಿದ್ದರೂ ಅಲ್ಲೇ ಮುಗಿಸಿ. ಒಳಗೆ ಹೋದ ಮೇಲೆ ಮುಂದಿನ ಬ್ರೇಕ್ ಮುಟ್ಟಬೇಡಿ. ಮೈಯ ಭಾರ ಸ್ವಲ್ಪ ಹಿಂದೆ, ಸೀಟಿನ ಮೇಲೆ. ಮುಂದಿನ ಚಕ್ರ ಅತ್ತಿತ್ತ ಅಲೆದಾಡುತ್ತದೆ, ಅಲೆದಾಡಲಿ ಬಿಡಿ. ಅದನ್ನು ನೆಟ್ಟಗೆ ಮಾಡಲು ಹೋಗಿಯೇ ಭಾವ ಬಿದ್ದಿದ್ದು. ಕಣ್ಣು ಚಕ್ರದ ಮೇಲಲ್ಲ, ಗಟ್ಟಿ ನೆಲ ಮತ್ತೆ ಶುರುವಾಗುವ ಜಾಗದ ಮೇಲಿರಲಿ. ತಿರುವಿನಲ್ಲಿ ಸೈಕಲ್ ವಾಲಿಸಬೇಡಿ, ನಿಧಾನಕ್ಕೆ ತಿರುಗಿಸಿ.

ದಾರಿ ಬಿಟ್ಟು ಪಕ್ಕದ ಗಿಡಗಳ ಮೇಲೆ ಹೋಗಬೇಡಿ. ಗಟ್ಟಿ ನೆಲ ಕಂಡಾಗ ಆಸೆ ಆಗುತ್ತದೆ, ಗೊತ್ತು. ಆದರೆ ಇದು ಸೈನ್ಯದವರು ಗುಂಡು, ಶೆಲ್ಲು ಹಾರಿಸಿ ಅಭ್ಯಾಸ ಮಾಡಿದ ನೆಲ. ಸಿಡಿಯದೆ ಉಳಿದ ಸ್ಫೋಟಕಗಳು ಈಗಲೂ ಇರಬಹುದು ಅಂತ ಎಚ್ಚರಿಕೆಯ ಫಲಕಗಳಿವೆ. ಅವು ಸುಮ್ನೆ ಹಾಕಿದವಲ್ಲ. ಬೇಲಿ ದಾಟಲೇಬೇಡಿ, ಕಬ್ಬಿಣದ ಏನೇ ಕಂಡರೂ ಮುಟ್ಟಬೇಡಿ. ಮಕ್ಕಳಿಗೆ ಕಾರಿನಲ್ಲೇ ಹೇಳಿಬಿಡಿ.

ಇನ್ನೊಂದು ಕಾರಣ ಪಾಯ್ಸನ್ ಓಕ್. ಮೂರು ಮೂರು ಎಲೆಯ ಗಿಡ, ಬೇಸಿಗೆ ಮುಂದುವರಿದ ಹಾಗೆ ಕೆಂಪಾಗುತ್ತದೆ. ಹೆಸರಲ್ಲಿ ಓಕ್ ಇದ್ದರೂ ಅದು ನಮ್ಮ ಗೇರು, ಮಾವಿನ ಬಳಗದ್ದು. ಗೇರುಬೀಜದ ಸೊನೆ ತಾಗಿ ಚರ್ಮ ಎದ್ದವರಿಗೆ ಇದರ ಉರಿ ಎಂಥದ್ದು ಅಂತ ಬೇರೆ ಹೇಳಬೇಕಾಗಿಲ್ಲ. ಉದ್ದ ಕಾಲುಚೀಲ ಹಾಕಿ. ಸೊನೆ ಬಟ್ಟೆಗೆ, ಹ್ಯಾಂಡಲ್ಲಿಗೆ ಅಂಟಿಕೊಂಡು ಮನೆಗೂ ಬರುತ್ತದೆ. ಬಂದ ಕೂಡಲೇ ಸೋಪು ಹಾಕಿ ತೊಳೆಯಿರಿ. ಬಿಸಿಲೇರಿದ ಮೇಲೆ ದಾರಿಯಲ್ಲಿ ರ‍್ಯಾಟಲ್‌ಸ್ನೇಕ್ ಅನ್ನುವ ವಿಷದ ಹಾವು ಮಲಗಿರುವುದೂ ಉಂಟು. ದೂರ ನಿಂತು ಅದು ಹೋಗಲು ಬಿಡಿ.

ಕುದುರೆಗಳು ಎದುರಾದರೆ ಇಳಿದು ನಿಲ್ಲಿ, ಸವಾರರ ಜೊತೆ ಎರಡು ಮಾತಾಡಿ. ಮನುಷ್ಯರ ದನಿ ಕೇಳಿದರೆ ಕುದುರೆಗೆ ಗಾಬರಿ ಕಡಿಮೆ. ನೀರು ಒಬ್ಬರಿಗೆ ಮೂರು ಲೀಟರ್ ಮನೆಯಿಂದಲೇ ತನ್ನಿ. ಒಳಗೆ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ಬೆಳಿಗ್ಗೆಯ ಚಳಿಗೆ ತೆಳು ಜಾಕೆಟ್ ಬೇಕು, ಒಂಬತ್ತೂವರೆಗೆ ಅದನ್ನು ತುರುಕಲು ಚೀಲದಲ್ಲಿ ಜಾಗವೂ ಬೇಕು.

ಸೈಕಲ್ ಚೈನಿಗೆ ಹಿಂದಿನ ದಿನವೇ ಒಣ ಲ್ಯೂಬ್ (ಬೇಗ ಒಣಗುವ ಚೈನ್ ಎಣ್ಣೆ) ಹಾಕಿ, ಮೇಲಿನ ಅಂಟನ್ನು ಬಟ್ಟೆಯಲ್ಲಿ ಒರೆಸಿ. ಎಣ್ಣೆ ಸುರಿಯುವ ಚೈನಿಗೆ ಮರಳು ಮೆತ್ತಿಕೊಂಡು ಕರಕರ ಅನ್ನುತ್ತದೆ, ಹಲ್ಲುಗಳನ್ನೂ ತಿನ್ನುತ್ತದೆ. ಮನೆಗೆ ಬಂದ ಮೇಲೆ ಮೊದಲು ಒಣ ಬ್ರಷ್‌ನಲ್ಲಿ ಮರಳು ಉದುರಿಸಿ, ಆಮೇಲೆ ನೀರು. ನೀರಿನ ರಭಸಕ್ಕೆ ಮರಳು ಬೇರಿಂಗ್ ಒಳಗೆ ಹೋಗಬಾರದು.

ಎರಡನೇ ಸಲ ಹದಿನಾಲ್ಕು ಮೈಲಿ ಮಾಡಿ ಹನ್ನೊಂದಕ್ಕೆ ಕಾರಿನ ಹತ್ತಿರ ಇದ್ದೆವು. ಮಂಜು ಆಗಷ್ಟೇ ಬಿಡುತ್ತಿತ್ತು. ಪಕ್ಕದಲ್ಲಿ ಒಂದು ಕುಟುಂಬ ಸೈಕಲ್ ಇಳಿಸುತ್ತಿತ್ತು. ಭಾವ ತಾವಾಗಿ ಹೋಗಿ ಅವರ ಮುಂದಿನ ಟೈರು ಒತ್ತಿ ನೋಡಿ, ಸ್ವಲ್ಪ ಗಾಳಿ ಬಿಡಿ ಅಂದರು.