ಅಮ್ಮನ ಲಸಿಕೆ ಚೀಟಿ

ಬೀರು ಒರೆಸುವಾಗ ಅಮ್ಮನ ಕೋವಿಶೀಲ್ಡ್ ಚೀಟಿ ಸಿಕ್ಕಿತು. ಮೊದಲ ಡೋಸ್ 2021ರ ಏಪ್ರಿಲ್‌ನಲ್ಲಿ. ಎರಡನೆಯದಕ್ಕೆ 6ರಿಂದ 8 ವಾರ ಅಂದಿದ್ದರು. ಮೇ 13ಕ್ಕೆ ಅದು 12ರಿಂದ 16 ವಾರವಾಯಿತು.

"ಲಸಿಕೆ ಖಾಲಿಯಾಗಿದೆ, ಅದಕ್ಕೇ ಹೀಗೆ ಹೇಳ್ತಾರೆ ಕಣೋ" ಅಂದಳು ಅಮ್ಮ. ನನಗೂ ಹಾಗೇ ಅನಿಸಿತ್ತು, ಲಸಿಕೆಗಾಗಿ ಎಲ್ಲೆಡೆ ಪರದಾಡುತ್ತಿದ್ದ ದಿನಗಳವು. ಅಂತರ ಹೆಚ್ಚಿಸಲು ಬ್ರಿಟನ್ನಿನ ಅನುಭವದ ಆಧಾರವೂ ಇತ್ತು. ಆದರೆ ಆ ಕಾರಣವನ್ನು ನಮ್ಮ ಜಗಲಿಗೆ ಬಂದು ಯಾರೂ ಬಿಡಿಸಿ ಹೇಳಲಿಲ್ಲ, ಹೊಸ ಲೆಕ್ಕವಷ್ಟೇ ಬಂತು. ಜನರ ಸಿಟ್ಟಿಗೆಲ್ಲ ಎದೆಕೊಟ್ಟವರು ಮನೆಮನೆ ಅಲೆಯುತ್ತಿದ್ದ ಆಶಾ ಕಾರ್ಯಕರ್ತೆಯರು.

"ನಂಗೂ ನಿನ್ನೆ ಸಂಜೆನೇ ಗೊತ್ತಾಗಿದ್ದು ಅಮ್ಮಾ" ಅಂದಿದ್ದರು ನಮ್ಮ ಬೀದಿಯ ಆಶಾ ಅಕ್ಕ. ಅಮ್ಮ ಅವರನ್ನು ಕೂರಿಸಿ ನೀರು ಕೊಟ್ಟಳು. ಆಗಸ್ಟಿನಲ್ಲಿ ಅವರ ಮಾತು ನಂಬಿಯೇ ಎರಡನೇ ಡೋಸ್‌ಗೆ ಹೋದಳು.